ನಾಲ್ಕು ಊಟದ ಕುರ್ಚಿ, ಮಾವನ ಕೊನೆಯ ಬಟ್ಟೆ

ಪಾಲಕೋಡಿನಿಂದ ಐದು ಕುರ್ಚಿ ಹೊತ್ತು ತಂದ ಸಣ್ಣ ಲಾರಿ ನಮ್ಮ ಸಂದಿಯೊಳಗೆ ಬರಲಿಲ್ಲ. ಕುಟ್ಟಿಯಾನೆ ಅಂತ ಹೆಸರು ಬೇರೆ ಅದಕ್ಕೆ, ಆನೆಮರಿಯಂತೆ! ಬೀದಿಯ ಕೊನೆಯಲ್ಲೇ ಇಳಿಸಿ, ಹಗ್ಗ ಸುತ್ತಿಕೊಂಡು ಹೊರಟೇಹೋದ ಮಹಾರಾಯ. ನಾನೊಬ್ಬಳೇ ಒಂದೊಂದನ್ನೂ ತಲೆಯ ಮೇಲೆ ಹೊತ್ತು ಐದು ಸಲ ಓಡಾಡಿದೆ. ಕೆಲಸ ಇನ್ನೂ ಶುರುವೇ ಆಗಿರಲಿಲ್ಲ, ಅಷ್ಟರಲ್ಲೇ ಸಾಕಪ್ಪಾ ಅನ್ನಿಸಿತ್ತು.

ಹಳೆಯ ಕುರ್ಚಿ, ಸೋಫಾ ಕೆರೆದು ಪಾಲಿಶ್ ಹಾಕಿ, ಸೀಟಿಗೆ ಹೊಸ ಹೊದಿಕೆ ಕೂರಿಸಿ ಕೊಡುವುದು ನನ್ನ ಕಸುಬು. ಇಲ್ಲಿ ಸೇಲಂನಲ್ಲಿ ನಮ್ಮ ಮನೆಯ ಮಗ್ಗ ನಿಂತ ಮೇಲೆ ಹಿಡಿದದ್ದು. ಮಗ್ಗ ತೆಗೆದ ಕೋಣೆಯಲ್ಲಿ, ನೇಯುವಾಗ ಕಾಲು ಇಳಿಬಿಡುತ್ತಿದ್ದ ಕುಣಿಗೆ ಮರಳು ತುಂಬಿ ಕಲ್ಲು ಹಾಸಿದ್ದೇವೆ, ಅಲ್ಲೇ ಕೂತು ಮಾಡುತ್ತೇನೆ. ಈ ಐದು ಮಾತ್ರ ಯಾರ ಆರ್ಡರೂ ಅಲ್ಲ, ನಮ್ಮ ಮನೆಗೇ ತರಿಸಿದ್ದು. ಬೀಳಿಸುತ್ತಿದ್ದ ಯಾವುದೋ ಹಳೆಯ ಮನೆಯ ಸಾಮಾನು ಅವು. ಐದರಲ್ಲಿ ಒಂದರ ಕಾಲು ಮುರಿದಿತ್ತು, ಅದನ್ನು ಬಿಡಿಭಾಗಕ್ಕೆ ಇಟ್ಟುಕೊಂಡೆ. ಬೇಕಾಗಿದ್ದದ್ದು ನಾಲ್ಕೇ. ಮಾವ, ನಮ್ಮೆಜಮಾನರು, ಕಾಲೇಜಿಗೆ ಹೋಗುವ ಮಗಳು, ನಾನು.

ಬೇಕಾಗಿದ್ದು ಯಾಕೆಂದರೆ, ನಮ್ಮ ಮಾವ ನಮ್ಮ ಜೊತೆ ಉಣ್ಣುವುದನ್ನು ಬಿಟ್ಟಿದ್ದರು. ಹುಡುಗರಾಗಿದ್ದಾಗಿನಿಂದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿದ ಮಂಡಿಗಳು ಅವರವು. ನೆಲದ ಮೇಲೆ ಕೂರಲೇಬಾರದು ಎಂದು ಡಾಕ್ಟರು ಹೇಳಿದರು. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟೆ. ಎರಡು ದಿನ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ನಮ್ಮ ಪಕ್ಕದಲ್ಲೇ ಉಂಡರು. ಮೂರನೆಯ ದಿನ ತಟ್ಟೆ ಎತ್ತಿಕೊಂಡು ಮಗ್ಗದ ಕೋಣೆಗೆ ಹೋದರು.

"ಯಾಕೆ ಮಾವ, ಇಲ್ಲೇ ಕೂತ್ಕೊಳ್ಳಿ" ಎಂದೆ.

"ನೀವೆಲ್ಲ ನೆಲದಾಗೆ, ನಾನೊಬ್ಬ ಮ್ಯಾಲೆ. ಸಾಲಾಗೆ ಕೂರ್ದೆ ಅದೇನೂಟ? ಪಂಚಾಯ್ತಿ ಮಾಡಾಕೆ ಬಂದೋನಂಗೆ ಐತೆ. ವೇಣಾಂ, ನಂಗ್ ಬ್ಯಾಡ, ನೀವುಣ್ಣಿ."

ಅಂದಿನಿಂದ ನಮ್ಮದೆಲ್ಲ ಆದ ಮೇಲೆ ಅವರ ಊಟ. ಒಂದೇ ಒಂದು ಸೌಟು ಅನ್ನ, ಅದನ್ನೂ ಬಿಟ್ಟೇಳುವುದು. ಆರು ತಿಂಗಳಲ್ಲಿ ಹೆಗಲ ಮೂಳೆ ಎದ್ದು ಕಾಣಿಸತೊಡಗಿತು. ತಟ್ಟೆ ತೊಳೆಯುವವಳು ನಾನು, ಎಷ್ಟು ಉಳಿದಿದೆ ಎಂದು ದಿನಾ ನನ್ನ ಕಣ್ಣಿಗೇ ಬೀಳುತ್ತಿತ್ತು. ಅವರು ಕೆಳಗೆ ಇಳಿಯುವಂತಿಲ್ಲ, ಹಾಗಾದರೆ ನಾವೇ ಮೂವರೂ ಮೇಲೆ ಹತ್ತಬೇಕು, ಅಷ್ಟೇ. ಬಟ್ಟೆ ಕತ್ತರಿಸುವ ನನ್ನ ಮೇಜೇ ಊಟದ ಮೇಜಾಗಲಿ ಎಂದು ತೀರ್ಮಾನಿಸಿ ಕುರ್ಚಿ ಹುಡುಕಲು ಶುರು ಮಾಡಿದ್ದೆ.

ಕೊಟ್ಟವನು ತೇಗ ಎಂದಿದ್ದ. ಅಪ್ಪಟ ಸುಳ್ಳು. ಮೇಲಿನ ಕಂದು ಬಣ್ಣಕ್ಕೆ ಪೇಂಟ್ ರಿಮೂವರ್ ಬಳಿದು ಕೆರೆದರೆ ಕೆಳಗೊಂದು ಹಸಿರು ಬಣ್ಣ, ಅದರ ಕೆಳಗೆ ಹಳೆಯ ವಾರ್ನಿಷ್, ಅದೂ ಹೋದ ಮೇಲೆ ಕಾಣಿಸಿದ್ದು ಬಾಗೆ ಮರ. ಮರ ಕೆಟ್ಟದ್ದಲ್ಲ, ನಾರು ಮಾತ್ರ ಒರಟು. ಬೆನ್ನಿನ ಕಡೆ ಕಂಬಿಗಳು ಆರಾರು ಇದ್ದವು. ಒಂದೊಂದು ಕಂಬಿಯ ಸಂದಿಗೂ ಉಪ್ಪು ಪೇಪರನ್ನು ಪಟ್ಟಿ ಮಾಡಿ ತೂರಿಸಿ, ಹಲ್ಲುಜ್ಜಿದಂತೆ ಉಜ್ಜಬೇಕಾಯಿತು. ಮೊದಲು ಒರಟಾದ ಎಂಬತ್ತರ ಪೇಪರ್, ಆಮೇಲೆ ನೂರಿಪ್ಪತ್ತು, ಕೊನೆಗೆ ನಯವಾದ ಇನ್ನೂರಿಪ್ಪತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಉಗುಳಿದ್ದೆಲ್ಲ ಕಂದು. ಕಂಬೈನಲ್ಲೂರಿನವರೊಬ್ಬರು ಆರ್ಡರ್ ಕೊಟ್ಟಿದ್ದ ಸೋಫಾ ಮೂಲೆಯಲ್ಲಿ ಕಾಯುತ್ತಿತ್ತು, ಅದನ್ನು ಬೆಳಗ್ಗೆ ಮಾಡಿ ಮಧ್ಯಾಹ್ನ ಇದನ್ನು ಹಿಡಿಯುತ್ತಿದ್ದೆ. ಸಂಜೆ ಹೊತ್ತಿಗೆ ತಲೆ ಬಾಚಿಕೊಳ್ಳಲು ಕೈ ಮೇಲಕ್ಕೆ ಏಳುತ್ತಿರಲಿಲ್ಲ.

ಒಂದು ಕುರ್ಚಿಯ ಹಿಂಗಾಲಿಗೆ ಒಳಗೊಳಗೇ ಗೆದ್ದಲು ಹಿಡಿದಿತ್ತು. ಮುರಿದ ಕುರ್ಚಿಯಿಂದ ಒಳ್ಳೆಯ ಕಾಲು ಬಿಚ್ಚಿ ಇದಕ್ಕೆ ಕೂರಿಸಿದೆ. ಸಡಿಲವಾದ ಕೀಲುಗಳನ್ನೆಲ್ಲ ತಟ್ಟಿ ಬಿಡಿಸಿ, ಹಳೆಯ ಅಂಟು ಕೆರೆದು, ಹೊಸ ಅಂಟು ಹಾಕಿ, ನಾಲ್ಕೂ ಕಾಲು ಸುತ್ತ ಮಗ್ಗದ ಹಗ್ಗ ಬಿಗಿದು, ಹಗ್ಗದೊಳಗೆ ಕೋಲು ತೂರಿಸಿ ತಿರುಚಿ ಒಂದು ದಿನ ಹಾಗೇ ಬಿಟ್ಟೆ. ಆಮೇಲೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಪಾಲಿಶ್. ಮೂರನೆಯ ಸುತ್ತು ಬಳಿಯುವಾಗ ಎಲ್ಲಿತ್ತೋ ಮೋಡ, ಗಾಳಿಯೆಲ್ಲ ತೇವವಾಗಿ ಹೊಳಪಿನ ಮೇಲೆ ಬೆಳ್ಳಗೆ ಹಾಲು ಚೆಲ್ಲಿದ ಹಾಗೆ ಮಂಕು ಕವಿಯಿತು. ಎರಡು ಕುರ್ಚಿಗಳನ್ನು ಮತ್ತೆ ಉಜ್ಜಿ ಮೊದಲಿನಿಂದ ಮಾಡಿದೆ. ಯಾರನ್ನು ಬೈಯಬೇಕೋ ತಿಳಿಯದೆ ನನ್ನನ್ನೇ ಬೈದುಕೊಂಡೆ.

ಇಷ್ಟು ದಿನವೂ ಮಾವ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಯಾರಿಗೆ ಇವು ಎಂದು ಒಂದು ದಿನವೂ ಕೇಳಲಿಲ್ಲ. ಸೀಟಿನ ಹಲಗೆಗೆ ಫೋಮ್ ಅಂಟಿಸಿ, ಯಾವ ರೆಕ್ಸಿನ್ ಹಾಕಲಿ ಎಂದು ನಾನು ತುಂಡುಗಳನ್ನು ಹರಡಿಕೊಂಡು ಕೂತಿದ್ದಾಗ ಎದ್ದು ಒಳಗೆ ಹೋದರು. ಟ್ರಂಕು ತೆಗೆದ ಸದ್ದಾಯಿತು. ಬೇವಿನ ಸೊಪ್ಪಿನ ನಡುವೆ ಮಡಿಸಿ ಇಟ್ಟಿದ್ದ ಒಂದು ಬಟ್ಟೆಯನ್ನು ತಂದು ನನ್ನ ಮುಂದೆ ಇಟ್ಟರು.

"ಇದ್ನಾಕು."

ನನಗೆ ಗುರುತು ಸಿಕ್ಕಿತು. ಕೆಲಸ ಕೊಡುವವರು ನೂಲು ಕೊಡುವುದನ್ನು ನಿಲ್ಲಿಸಿದ ಮೇಲೆ, ಉಳಿದುಬಿದ್ದ ದಪ್ಪ ಜೋಡಿನೂಲನ್ನೆಲ್ಲ ಒಟ್ಟುಮಾಡಿ ಮಾವ ನೇಯ್ದ ಬಟ್ಟೆ ಅದು. ಮಾಗಿದ ಕೆಂಪು, ಕಡುಹಸಿರು, ಚೌಕುಳಿ. ಅದನ್ನು ಕೊಯ್ದುಕೊಂಡ ವಾರವೇ ಮಗ್ಗ ಬಿಚ್ಚಿದೆವು. ಉದ್ದ ಮೂರು ಗಜಕ್ಕೂ ಕಡಿಮೆ, ಅಗಲ ಟವೆಲ್ಲಿನಷ್ಟೇ. ಅಳತೆಪಟ್ಟಿ ಹಿಡಿದೆ. ಸೀಟು ಹದಿನೆಂಟು ಅಂಗುಲ, ಫೋಮಿನ ದಪ್ಪಕ್ಕೆ ಎರಡು ಕಡೆ ಸೇರಿ ಮೂರು, ಕೆಳಗೆ ಮಡಚಿ ಹೊಡೆಯಲು ಉಳಿದದ್ದು. ಇಪ್ಪತ್ತನಾಲ್ಕು ಅಂಗುಲದ ನಾಲ್ಕು ತುಂಡು ಸರಿಯಾಗಿ ಬಂದವು. ಒಂದು ಬೆರಳಗಲ ಉಳಿಯಿತು.

ಕಾಲೇಜಿನ ತಮಿಳೇ ಬಾಯಿಗೆ ಬರುವ ಮಗಳು ಫೋನಿನಿಂದ ತಲೆ ಎತ್ತಿ, "ಅಮ್ಮಾ, ಮೊದಲ್ಲ ವಾಷ್ ಪಣ್ಣಿಟ್ಟು ದಾನ್ ಪೋಡಣುಂ. ಎಲ್ಲಾ ವೀಡಿಯೋಲಯುಂ ಅಪ್ಪಡಿದಾನ್ ಸೊಲ್ರಾಂಗ" ಎಂದಳು. ಒಗೆದ ಮೇಲೇ ಸೀಟಿಗೆ ಹಾಕಬೇಕಂತೆ, ಎಲ್ಲ ವೀಡಿಯೋದಲ್ಲೂ ಹಾಗೇ ಹೇಳುತ್ತಾರಂತೆ.

ನನಗೆ ಮೈಯೆಲ್ಲ ಉರಿಯಿತು. ನಮ್ಮ ಮನೆಗಳಲ್ಲಿ ಮಗ್ಗದಿಂದ ಕೊಯ್ದ ಬಟ್ಟೆಗೆ ನಾವು ನೀರು ತೋರಿಸುವುದಿಲ್ಲ. ಬಳಸುವವರ ಮೈಗೆ ಒಮ್ಮೆ ತಾಕಬೇಕು, ನೀರು ಆಮೇಲೆ. ಹೊಸ ಬಟ್ಟೆಯನ್ನು ನೇಯ್ದವರೇ ನೆನೆಸಿದರೆ ಅಪಶಕುನ ಎಂದು ನಮ್ಮತ್ತೆ ಬದುಕಿದ್ದಾಗ ಬಕೆಟ್ಟನ್ನೇ ಆ ಕಡೆ ಇಡಲು ಬಿಡುತ್ತಿರಲಿಲ್ಲ. "ನೇಯೋರ ಮನೇಲಿ ಹುಟ್ಟಿ ಬಟ್ಟೆ ವಿಚಾರ ಫೋನ್ನಾಗೆ ಕಲೀತೀಯೇನೆ? ಹೋಗು, ಓದ್ಕೊ" ಎಂದು ಗದರಿದೆ. ಮಾವನ ಕಡೆ ನೋಡಿದೆ. ಅವರು ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು. ನನ್ನ ಮಾತಿಗೆ ಒಪ್ಪಿಗೆ ಎಂದುಕೊಂಡೆ.

ರೆಕ್ಸಿನ್ ಆದರೆ ಎಳೆದಷ್ಟೂ ಹಿಗ್ಗುತ್ತದೆ. ಈ ಬಟ್ಟೆ ಕೈಗೆ ಕಾಗದದಂತೆ ಗರಿಗರಿಯಾಗಿ ಬಂತು. ಎಷ್ಟಾದರೂ ನಾನೂ ಮಗ್ಗದಲ್ಲಿ ಕೂತವಳೇ, ಹಾಸು ಹೊಕ್ಕು ಎರಡೂ ನೆಟ್ಟಗೆ ನಿಲ್ಲುವಂತೆ ಹಿಡಿದು, ಮುಂದೆ ನಡುವೆ ಒಂದು ಸ್ಟೇಪಲ್ ಪಿನ್, ಹಿಂದೆ ನಡುವೆ ಒಂದು, ಎಡಬಲ ಒಂದೊಂದು, ಅಲ್ಲಿಂದ ಮೂಲೆಯ ಕಡೆಗೆ ಹೊಡೆಯುತ್ತ ಹೋದೆ. ಒಂದು ಸೀಟಿಗೆ ನಲವತ್ತು ಪಿನ್. ಮೂಲೆಯ ಮಡಿಕೆ ಅಂದವಾಗಿ ಕೂರಲು ಒಂದೊಂದಕ್ಕೂ ಎರಡೆರಡು ಸಲ ಬಿಚ್ಚಿ ಹೊಡೆದೆ. ಮುಗಿದ ಮೇಲೆ ತಟ್ಟಿ ನೋಡಿದರೆ ಡಬ್ ಎನ್ನುತ್ತಿತ್ತು. ಒಂದೇ ಒಂದು ಸುಕ್ಕಿರಲಿಲ್ಲ. ಸುಳ್ಳು ಹೇಳಬಾರದು, ನನಗೆ ಜಂಬ ಬಂತು.

ಭಾನುವಾರ ಮಧ್ಯಾಹ್ನ ಮೇಜಿಗೆ ಹಾಳೆ ಹಾಸಿ ನಾಲ್ಕು ತಟ್ಟೆ ಇಟ್ಟು, "ಬನ್ನಿ ಮಾವ" ಎಂದೆ. ಬಾಗಿಲಲ್ಲಿ ನಿಂತು ನಾಲ್ಕನ್ನೂ ನೋಡಿದರು. ನಾವು ಮೂವರೂ ಕೂತ ಮೇಲೆ ನಿಧಾನವಾಗಿ ಬಂದು ಕೂತರು. ಹುರುಳಿ ಸಾರು, ಅನ್ನ. ಎರಡನೆಯ ಸಲ ಬಡಿಸಿದಾಗ ಬೇಡ ಎನ್ನಲಿಲ್ಲ. ಮಗಳ ಕಾಲೇಜಿನ ಮಾತು ಕೇಳಿ ನಕ್ಕರು ಕೂಡ. ಆಮೇಲೆ ನೀರಿನ ಲೋಟಕ್ಕೆ ಕೈ ಹಾಕಿದರು. ಇತ್ತೀಚೆಗೆ ಅವರ ಬಲಗೈ ಸ್ವಲ್ಪ ನಡುಗುತ್ತದೆ. ಲೋಟ ವಾಲಿ ಅರ್ಧ ನೀರು ತೊಡೆಯ ಮೇಲಿನಿಂದ ಸೀಟಿಗೆ ಇಳಿಯಿತು.

"ಪರವಾಯಿಲ್ಲೆ ತಾತ, ತಣ್ಣಿದಾನೆ" ಎಂದಳು ಮಗಳು. ನೀರು ತಾನೇ. ನಾನೂ ಹಾಗೇ ಅಂದುಕೊಂಡು ಒರೆಸಿದೆ. ಕೈ ತೊಳೆದು ಬರುವಷ್ಟರಲ್ಲಿ ಸೀಟಿನ ಒಂದು ಪಕ್ಕ ಮುದುಡಿಕೊಂಡು, ನೀರು ಬಿದ್ದ ಜಾಗದ ಸುತ್ತ ಬಿಳಿಯ ಗೆರೆಯೊಂದು ಎದ್ದಿತ್ತು. ಚೌಕುಳಿಯ ಗೆರೆಗಳೆಲ್ಲ ಸೊಟ್ಟಗಾಗಿದ್ದವು. ಮಾವ ಅದನ್ನೇ ನೋಡುತ್ತ ನಿಂತಿದ್ದರು.

"ನನ್ ಕೈಯಿಂದಾನೇ ಕೆಟ್ಟೋಯ್ತು ನೋಡು. ನಂಗ್ಯಾಕ್ ಬೇಕಿತ್ತು ಈ ಸೊಗಸು."

ಮರುದಿನ ತಟ್ಟೆ ಮತ್ತೆ ಮಗ್ಗದ ಕೋಣೆಗೆ ಹೋಯಿತು. ಕರೆದರೆ ಕೇಳಿಸದವರಂತೆ ಇದ್ದರು. ತೊಳೆಯಲು ಬಂದ ತಟ್ಟೆಯಲ್ಲಿ ಅನ್ನ ಮೊದಲಿಗಿಂತ ಹೆಚ್ಚು ಉಳಿದಿತ್ತು. ನಾನು ಬಚ್ಚಲಲ್ಲೇ ಕುಕ್ಕರಿಸಿ ಅತ್ತೆ.

ಎರಡು ದಿನ ಕುರ್ಚಿಗಳ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಯಾರೂ ಇಲ್ಲದಾಗ ನನ್ನ ಕುರ್ಚಿಯ ಸೀಟಿನ ಮೂಲೆಗೆ ಒದ್ದೆ ಅಂಗೈ ಒತ್ತಿದೆ. ಅಲ್ಲೂ ಮುದುಡಿತು, ಅಲ್ಲೂ ಬಿಳಿಯ ಗೆರೆ. ಬೆರಳಿಗೆ ಅಂಟು ತಾಕಿತು, ಮೂಸಿದೆ. ಗಂಜಿ! ನೂಲಿಗೆ ಹಾಕಿದ ಗಂಜಿ ಬಟ್ಟೆಯಲ್ಲಿ ಹಾಗೇ ಇತ್ತು. ನಾನು ಬಿಗಿ ಎಂದು ಮೆಚ್ಚಿಕೊಂಡದ್ದು ನನ್ನ ಕೈಚಳಕವಲ್ಲ, ಗಂಜಿಯ ಗಡಸು. ನೀರು ತಾಕಿದ ಕಡೆ ಗಂಜಿ ಕರಗಿ, ಮಗ್ಗದಲ್ಲಿ ಎಳೆದು ನಿಲ್ಲಿಸಿದ್ದ ನೂಲು ಮುದುರಿಕೊಂಡಿತ್ತು. ನಾನು ಈವರೆಗೆ ಸೀಟಿಗೆ ಹಾಕಿದ್ದೆಲ್ಲ ರೆಕ್ಸಿನ್, ಇಲ್ಲವೇ ಅಂಗಡಿ ಬಟ್ಟೆ. ಮಗ್ಗದ ಬಟ್ಟೆ ನಮ್ಮ ಮನೆಯಿಂದ ಗಂಜಿಯ ಸಮೇತ ಹೋಗುತ್ತಿತ್ತು, ಒಗೆಯುವುದು ಕೊಂಡವರ ಪಾಡು. ಇಪ್ಪತ್ತು ವರ್ಷ ಗಂಜಿ ಕಾಯಿಸಿದ ನನ್ನ ತಲೆಗೆ ಇಷ್ಟು ಹೊಳೆಯಲಿಲ್ಲ. ಗದರಿಸಿಕೊಂಡ ಮಗಳು ಹೇಳಿದ್ದೇ ಸರಿಯಾಗಿತ್ತು.

ನಮ್ಮೆಜಮಾನರು ಪಕ್ಕದ ಬೀದಿಯ ಪವರ್‌ಲೂಮಿನಲ್ಲಿ ಶಿಫ್ಟು ಮುಗಿಸಿ ಬಂದವರು ಎಲ್ಲ ಕೇಳಿ, "ಅದಕ್ಯಾಕಿಷ್ಟು ತಲೆ ಕೆಡಿಸ್ಕೊಂತೀಯಾ? ಮ್ಯಾಲೆ ಪ್ಲಾಸ್ಟಿಕ್ ಕವರ್ ಆಕ್ಬುಡು. ಇಲ್ದಿದ್ರೆ ರೆಕ್ಸಿನ್ ಒಡಿ. ಮುಗೀತು" ಎಂದರು.

ತಪ್ಪು ಮಾತೇನಲ್ಲ. ರೆಕ್ಸಿನ್ ಆದರೆ ಒಂದು ಬೆಳಗ್ಗೆಯ ಕೆಲಸ. ಕಂಬೈನಲ್ಲೂರಿನವರು ತಮಗೆ ಬೇಡವೆಂದು ಬಿಟ್ಟುಹೋದ ಕಂದು ತುಂಡು ಕಣ್ಣೆದುರಿಗೇ ಬಿದ್ದಿತ್ತು. ಒಂದು ಗಳಿಗೆ ಕೈಗೆ ಎತ್ತಿಕೊಂಡೆ ಕೂಡ. ಆದರೆ ಆ ಬಟ್ಟೆ ತೆಗೆದು ರೆಕ್ಸಿನ್ ಹೊಡೆದರೆ ಮಾವನಿಗೆ ಏನು ಹೇಳಿದಂತಾಗುತ್ತದೆ? ನಿಮ್ಮ ಕೈ ನಡುಗುತ್ತದೆ, ನೀವು ಚೆಲ್ಲುತ್ತೀರಿ, ಒರೆಸಲು ಸುಲಭವಾಗಲಿ ಅಂತ. ಆ ಕುರ್ಚಿಯಲ್ಲಿ ಅವರು ಸತ್ತರೂ ಕೂರುವವರಲ್ಲ. ತಪ್ಪು ನನ್ನದು ಎಂದು ಅವರಿಗೆ ತಿಳಿಯಬೇಕಿತ್ತು. ನಾಲ್ಕನ್ನೂ ಬಿಚ್ಚಿ, ಒಗೆದು, ಮತ್ತೆ ಹಾಕುವುದೇ ಸರಿ ಎಂದು ಗಟ್ಟಿ ಮಾಡಿಕೊಂಡೆ.

ನೂರ ಅರವತ್ತು ಪಿನ್. ಸ್ಕ್ರೂಡ್ರೈವರ್ ತುದಿಯಿಂದ ಮೀಟಿ, ಇಕ್ಕುಳದಿಂದ ಎಳೆಯಬೇಕು, ನೂಲು ಹರಿಯಬಾರದು. ಮೂರನೆಯ ಸೀಟಿನಲ್ಲಿ ಕೈ ಜಾರಿ ಎಡಗೈ ಹೆಬ್ಬೆರಳಿನ ಬುಡ ಸೀಳಿಕೊಂಡಿತು. ಅರಿಶಿನ ಒತ್ತಿ ಬಟ್ಟೆ ಸುತ್ತಿಕೊಂಡು ನಾಲ್ಕನೆಯದನ್ನೂ ಬಿಚ್ಚಿದೆ. ಆಮೇಲೆ ಒಂದು ಬಕೆಟ್ ನೀರು ತಂದು, ನಾಲ್ಕು ತುಂಡನ್ನೂ ಹಿಡಿದು ಮಾವನ ಮುಂದೆ ನಿಂತೆ.

"ಮಾವ, ನಿಮ್ ಕೈಯಿಂದ ಏನೂ ಆಗ್ಲಿಲ್ಲ. ಇದು ಗಂಜಿ ಕೆಲಸ. ನಾನು ಒಗೀದೆ ಹಾಕ್ಬಿಟ್ಟೆ. ಈಗ ನೆನೆಸ್ತೀನಿ. ಅಪಶಕುನ ಅಂದ್ರೆ ಅನ್ನಿ, ನಂಗೆ ಬೇರೆ ದಾರಿ ಇಲ್ಲ."

ಅವರು ತಲೆ ಎತ್ತಲಿಲ್ಲ. "ಗೊತ್ತಿತ್ತು ಕಣಮ್ಮ" ಎಂದರು.

"ಏನ್ ಗೊತ್ತಿತ್ತು?"

"ಗಂಜಿ ಬುಡ್ಸದೆ ಆಕಬಾರ್ದು ಅಂತ. ಆ ಕೂಸು ಏಳ್ದಾಗ್ಲೇ ನಾನೂ ಏಳಾನ ಅಂತಿದ್ದೆ. ಇನ್ನು ಇಂತಾದ್ದು ನನ್ ಕೈಯಾಗೆ ಆಗಾಕಿಲ್ಲ. ಗರಿ ಮುರೀದೆ ಇನ್ನೊಂದೀಟು ದಿನ ಇರ್ಲಿ ಅನ್ನಿಸ್ತು. ಬಾಯೇ ಬರ್ಲಿಲ್ಲ."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. "ಅಲ್ಲ ಮಾವ, ಗೊತ್ತಿದ್ದೂ ಸುಮ್ನಿದ್ರಾ? ನನ್ ಬೆರಳು ನೋಡಿ! ಒಂದ್ ಮಾತು ಆಡಿದ್ರೆ ಬಾಯಿ ಸವೀತಿತ್ತಾ? ಅದ್ರ ಮೇಲೆ ತಪ್ಪೆಲ್ಲ ನಿಮ್ ಕೈ ಮೇಲೆ ಹೊತ್ಕೊಂಡು ಉಪವಾಸ ಬೇರೆ!" ಮದುವೆಯಾಗಿ ಬಂದು ಇಷ್ಟು ವರ್ಷದಲ್ಲಿ ಅವರ ಎದುರು ನಾನು ಗಂಟಲೇರಿಸಿದ್ದು ಅದೇ ಮೊದಲು. ಅವರು ನನ್ನ ಬೆರಳು ನೋಡಿದರು. ಕೈ ಚಾಚಿ ತುಂಡುಗಳನ್ನು ಇಸಕೊಂಡರು. ಕುರ್ಚಿಯಲ್ಲಿ ಕೂತೇ ಬಕೆಟ್ಟನ್ನು ಹತ್ತಿರ ಎಳೆದುಕೊಂಡು ಒಂದೊಂದಾಗಿ ನೀರಿಗೆ ಬಿಟ್ಟರು. ನೀರು ಅಕ್ಕಿ ತೊಳೆದ ನೀರಿನಂತಾಯಿತು. ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ನೆರಳಿನಲ್ಲಿ ಒಣಗಿಸಿ ಅಳೆದೆ. ಅಯ್ಯೋ ಅನ್ನಿಸಿತು. ಹಾಸಿನ ಉದ್ದಕ್ಕೆ ಎರಡಂಗುಲ ಕುಗ್ಗಿತ್ತು, ಅಂಚೆಲ್ಲ ಪಿನ್ ತೂತು. ಸೀಟಿನ ಕೆಳಕ್ಕೆ ಮಡಚಲು ಒಂದಕ್ಕೂ ಸಾಲದು. ಒಂದೇ ಉಪಾಯವಿತ್ತು. ಒಂದು ತುಂಡನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಉಳಿದ ಮೂರಕ್ಕೆ ಹಿಂದೆ ಮುಂದೆ ಅಂಚು ಕೊಡುವುದು. ಅದನ್ನು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಅಳತೆಪಟ್ಟಿ ಹಿಡಿದು ಮತ್ತೆ ಮತ್ತೆ ಅಳೆದೆ.

"ಎಷ್ಟು ಸಾಲ್ದು?" ಎಂದರು ಮಾವ.

"ಎರಡಂಗುಲ."

"ಅಂಗಾರೆ ಒಂದ್ ಓಗ್ಬೇಕು." ತಮ್ಮ ಸೀಟಿನದನ್ನೇ ಆರಿಸಿಕೊಂಡರು. ಒಗೆದರೂ ಅದರ ಮೇಲಿನ ಗೆರೆ ಪೂರ್ತಿ ಹೋಗಿರಲಿಲ್ಲ. ಕತ್ತರಿ ಇಡುವ ಮೊದಲು ಒಂದು ಎಳೆ ನೂಲು ಹಿಡಿದು ಕೊನೆಯವರೆಗೂ ಎಳೆದು ತೆಗೆದರು, ಆ ಸಂದು ಹಿಡಿದು ಕತ್ತರಿಸಿದರು. ಕೈ ನಡುಗಿದರೂ ಪಟ್ಟಿ ಒಂದು ನೂಲಿನಷ್ಟೂ ಆಚೀಚೆ ಆಗಲಿಲ್ಲ. ಆರು ಪಟ್ಟಿ ಬೇಕಿತ್ತು, ಆರು ಬಂತು. ನಾನು ಮಿಷಿನ್ನಿನಲ್ಲಿ ಕೂಡಿಸುತ್ತ ಹೋದೆ. ಕೂಡಿಸಿದ ಕಡೆ ಚೌಕುಳಿಗೆ ಚೌಕುಳಿ ಸೇರಲೇಬೇಕೆಂದು ಅವರ ಹಟ. ಸೀಟಿನ ಕೆಳಗೆ ಹೋಗುವ ಹೊಲಿಗೆ ಅದು, ನಾಯಿಯೂ ನೋಡುವುದಿಲ್ಲ ಎಂದರೂ ಕೇಳಲಿಲ್ಲ. ಎರಡು ಪಟ್ಟಿ ಬಿಚ್ಚಿಸಿ ಮತ್ತೆ ಹೊಲಿಸಿದರು. ಒಳಗೊಳಗೇ ಶಾಪ ಹಾಕುತ್ತ ಹೊಲಿದೆ. ಹೆಬ್ಬೆರಳು ಮತ್ತೆ ರಕ್ತ ಕಾರಿತು.

ಈ ಸಲ ಬಟ್ಟೆ ಮೆತ್ತಗಿತ್ತು, ಕೈಗೆ ಬಗ್ಗಿತು. ಅವರು ಎರಡೂ ಅಂಗೈಯಲ್ಲಿ ಹಿಡಿದು ಎಳೆದು ನಿಲ್ಲಿಸಿದರು, ನಾನು ಪಿನ್ ಹೊಡೆದೆ. ಎಷ್ಟು ಎಳೆದರೆ ಸಾಕು ಎಂದು ಆ ಕೈಗೆ ಗೊತ್ತಿತ್ತು. ಮೂರು ಸೀಟು ಮುಗಿಯಲು ಎರಡು ಮಧ್ಯಾಹ್ನ ಹಿಡಿಯಿತು. ನಾಲ್ಕನೆಯದಕ್ಕೆ ಆ ಕಂದು ರೆಕ್ಸಿನ್ ಹೊಡೆದೆ, ಅದನ್ನು ನಾನೇ ಇಟ್ಟುಕೊಳ್ಳುವುದು ಎಂದು ಮೊದಲೇ ಲೆಕ್ಕ ಹಾಕಿದ್ದೆ. ಯಾರಿಗೂ ಹೇಳಲಿಲ್ಲ.

ಮೇಜಿನ ಸುತ್ತ ಕುರ್ಚಿ ಹಾಕಿ ಮಾವನನ್ನು ಕರೆದೆ. ಬರುತ್ತಾರೋ ಇಲ್ಲವೋ ಎಂದು ಬಾಗಿಲ ಕಡೆಯೇ ನೋಡುತ್ತಿದ್ದೆ. ಬಂದರು. ನಾನು ಸಾರಿನ ಪಾತ್ರೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ರೆಕ್ಸಿನ್ ಕುರ್ಚಿಯಲ್ಲಿ ಕೂತಿದ್ದರು.

"ಮಾವ, ಅದು ನಂದು. ನೀವು ಈ ಕಡೆ ಬನ್ನಿ."

"ಆಗಾಕಿಲ್ಲ."

"ಇದೇನು ಹಟ? ನೀವೇ ನೇಯ್ದಿದ್ದು. ನಿಮಗಲ್ದೆ ಇನ್ಯಾರಿಗೆ?"

"ಚಿಕ್ಕೋನಿಂದ ನೇಯ್ದೆ. ಎಲ್ಲಾ ಊರಾಚೆ ಓಯ್ತು. ಯಾರ್ ಉಟ್ರೋ, ಯಾರ್ ಒದ್ಕೊಂಡ್ರೋ, ಒಂದೂ ನನ್ ಕಣ್ಣಿಗ್ ಬೀಳ್ಲಿಲ್ಲ." ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ನೀವ್ ಮೂರ್ ಜನ ಅದ್ರ ಮ್ಯಾಲೆ ಕುಂತ್ಕಳಿ. ನಾನ್ ಇಲ್ಲಿಂದ ನೋಡ್ಕಂಡು ಉಣ್ತೀನಿ."

ಮಗಳು ಮೊದಲು ಕೂತಳು, ಆಮೇಲೆ ಅವಳಪ್ಪ. ನಾನೂ ಕೂತೆ. ಕೂತರೆ ಸೊಂಟ ಹಿಡಿದುಕೊಂಡಿತು, ಬೆರಳು ಜುಮ್ಮೆನ್ನುತ್ತಿತ್ತು, ಅಲ್ಲೇ ಮೇಜಿಗೆ ತಲೆ ಇಟ್ಟು ಮಲಗಿಬಿಡಬೇಕು ಅನ್ನಿಸಿತು. ಮಾವ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಅನ್ನ ಕಲೆಸಿ ಉಂಡರು. ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಮೂರನೆಯ ಸಲ ತಟ್ಟೆ ಮುಂದಕ್ಕೆ ತಳ್ಳಿ, "ಇನ್ನೊಂದೀಟು ಐತೇನಮ್ಮ?" ಎಂದಾಗ ಅನ್ನದ ಪಾತ್ರೆ ಒಲೆಯ ಹತ್ತಿರವೇ ಉಳಿದಿತ್ತು. ಸೊಂಟ ಹಿಡಿದುಕೊಂಡು, ಗೊಣಗಿಕೊಂಡೇ, ಎದ್ದು ಹೋದೆ.